ಸಿಮೆಂಟಿನ ಚೀಲ, ಹಣ್ಣಿನ ನೊಣ: ನಡುವೆ ಏನಾಗ್ತದೆ?



ವಿಜ್ಞಾನದ ತಾಸಿನಲ್ಲಿ ನೀವು ಬಹಳ ಸಲ ಕೇಳುವ ಪ್ರಶ್ನೆ ಯಾವುದು ಗೊತ್ತೇನು? "ಸರ್, ಇದು ಪರೀಕ್ಷೆಗೆ ಬರ್ತದೇನ್ರಿ?" ಎರಡನೇ ಪ್ರಶ್ನೆ, "ಇದರಿಂದ ಏನು ಉಪಯೋಗ್ರಿ?" ಎರಡೂ ಕೆಟ್ಟ ಪ್ರಶ್ನೆಗಳಲ್ಲ. ಆದರೆ ಇವೆರಡಕ್ಕಿಂತ ಮೊದಲು ಕೇಳಬೇಕಾದ ಇನ್ನೊಂದು ಪ್ರಶ್ನೆ ಇದೆ: "ನಡುವೆ ಏನಾಗ್ತದೆ?" ಅದನ್ನು ನಮ್ಮ ವರ್ಗಗಳಲ್ಲಿ ಕೇಳುವವರು ಕಡಿಮೆ.

ನಮ್ಮ ಪುಸ್ತಕದಲ್ಲಿ ಬಾಣದ ಗುರುತುಗಳು ಬಹಳ. ಸಿಮೆಂಟಿಗೆ ನೀರು ಸೇರಿದರೆ, ಬಾಣ, ಗಟ್ಟಿ ಕಲ್ಲು. ಮೊಟ್ಟೆ, ಬಾಣ, ಹುಳ, ಬಾಣ, ಕೋಶ, ಬಾಣ, ನೊಣ. ಬಾಣದ ಈ ತುದಿ ಮತ್ತು ಆ ತುದಿಯನ್ನು ಬಾಯಿಪಾಠ ಮಾಡ್ತೀವಿ, ಬರೀತೀವಿ, ಅಂಕ ತಗೋತೀವಿ. ಬಾಣದ ಒಳಗೆ ಏನಿದೆ ಅಂತ ಕೇಳೋದಿಲ್ಲ. ಸಂಶೋಧನೆ ಅಂದರೆ ಬೇರೆ ಏನೂ ಅಲ್ಲ, ಆ ಬಾಣದ ಒಳಗೆ ಹೊಕ್ಕು ನೋಡೋದು. ಇದಕ್ಕಾಗಿ ನಾನು ಬೇಕಂತಲೇ ಎರಡು ಅತಿ ಸಾಮಾನ್ಯ ವಸ್ತುಗಳನ್ನು ಆರಿಸಿದ್ದೇನೆ. ಒಂದು, ನಿಮ್ಮ ಓಣಿಯಲ್ಲಿ ಮನೆ ಕಟ್ಟುವ ಕಡೆ ಬಿದ್ದಿರುವ ಸಿಮೆಂಟಿನ ಚೀಲ. ಇನ್ನೊಂದು, ಕೊಳೆತ ದ್ರಾಕ್ಷಿಯ ಮೇಲೆ ಹಾರಾಡುವ ಸಣ್ಣ ನೊಣ. ಸಾಂಗಲಿ, ಮಿರಜ, ಜತ್ತ ಕಡೆಯ ಮಕ್ಕಳಿಗೆ ಈ ಎರಡನ್ನೂ ಯಾರೂ ಪರಿಚಯ ಮಾಡಿಸಬೇಕಾಗಿಲ್ಲ.

ಸಿಮೆಂಟ್ ಒಣಗೋದಿಲ್ಲ

ಮೊದಲು ಒಂದು ತಪ್ಪು ತಿಳುವಳಿಕೆ ತೆಗೆಯೋಣ. "ಸಿಮೆಂಟ್ ಒಣಗಿ ಗಟ್ಟಿ ಆಗ್ತದೆ" ಅಂತ ಎಲ್ಲರೂ ಹೇಳ್ತಾರೆ. ಹಾಗಿದ್ದರೆ ಗೌಂಡಿ ಸ್ಲ್ಯಾಬ್ ಹಾಕಿದ ಮರುದಿನದಿಂದ ಅದರ ಮೇಲೆ ನೀರು ಯಾಕೆ ನಿಲ್ಲಿಸ್ತಾನೆ? ಕೃಷ್ಣಾ ನದಿಗೆ ಮಹಾಪೂರ ಬಂದಾಗ ನೀರು ಹೊಕ್ಕ ಗೋದಾಮಿನಲ್ಲಿ ಸಿಮೆಂಟಿನ ಚೀಲಗಳು ಯಾಕೆ ಕಲ್ಲಾಗಿ ಕೂರ್ತವೆ? ನೀರಿನೊಳಗೇ ಇದ್ದದ್ದು ಒಣಗೋದು ಹ್ಯಾಂಗೆ? ಸಿಮೆಂಟ್ ನೀರನ್ನು ಬಿಟ್ಟು ಗಟ್ಟಿ ಆಗೋದಿಲ್ಲ, ನೀರಿನ ಜೊತೆ ರಾಸಾಯನಿಕ ಕ್ರಿಯೆ ನಡೆಸಿ ಗಟ್ಟಿ ಆಗ್ತದೆ.

ಸುಣ್ಣದಕಲ್ಲು ಮತ್ತು ಜೇಡಿಮಣ್ಣನ್ನು ಸುಮಾರು 1450 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿದಾಗ ಸಿಗುವ ಗಟ್ಟಿ ಉಂಡೆಗಳಿಗೆ ಕ್ಲಿಂಕರ್ ಅಂತಾರೆ. ಅದಕ್ಕೆ ಸ್ವಲ್ಪ ಜಿಪ್ಸಮ್ ಸೇರಿಸಿ ಹಿಟ್ಟಿನ ಹಾಗೆ ಬೀಸಿದರೆ ಸಿಮೆಂಟ್. ಇಂಗ್ಲೆಂಡಿನ ಜೋಸೆಫ್ ಆಸ್ಪ್ಡಿನ್ ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಪೇಟೆಂಟ್ ಪಡೆದದ್ದು 1824ರಲ್ಲಿ. ಸುಣ್ಣದಕಲ್ಲು ಎಲ್ಲಿ ಸಿಗ್ತದೆ ಅಂತ ದೂರ ಹುಡುಕಬೇಡಿ. ನಿಮ್ಮ ಶಾಲೆಯ ನೆಲಕ್ಕೆ ಶಹಾಬಾದಿ ಫರಶಿ ಹಾಕಿದ್ದರೆ ನೀವು ಅದರ ಮೇಲೆಯೇ ಕೂತಿದ್ದೀರಿ. ಕಲಬುರಗಿ ಜಿಲ್ಲೆಯ ಶಹಾಬಾದಿನ ಆ ಕಲ್ಲು ಸುಣ್ಣದಕಲ್ಲೇ. ಅಲ್ಲೇ ಹತ್ತಿರ ವಾಡಿಯಲ್ಲಿ ದೊಡ್ಡ ಸಿಮೆಂಟ್ ಕಾರ್ಖಾನೆ ಇರೋದಕ್ಕೂ ಇದೇ ಕಾರಣ. ಫರಶಿಯ ಒಂದು ಒಡೆದ ಚೂರಿನ ಮೇಲೆ, ಗುರುಗಳ ಎದುರಿಗೆ, ಸಾರರಿಕ್ತ ಹೈಡ್ರೋಕ್ಲೋರಿಕ್ ಆಮ್ಲದ ಎರಡು ಹನಿ ಹಾಕಿ ನೋಡಿ. ಗುಳ್ಳೆ ಏಳ್ತವೆ. ಅದು ಕಾರ್ಬನ್ ಡೈಆಕ್ಸೈಡ್.

ಈಗ ಬಾಣದ ಒಳಗೆ ಹೋಗೋಣ. ನೀರು ಹಾಕಿದ ಕೂಡಲೇ ಕ್ಲಿಂಕರ್‌ನ ಅಲ್ಯುಮಿನಿಯಂ ಇರುವ ಭಾಗ ಗಡಬಡಿಸಿ ಕ್ರಿಯೆಗೆ ಇಳೀತದೆ. ಹಾಗೇ ಬಿಟ್ಟರೆ ಮಾಲು ಬುಟ್ಟಿಯಲ್ಲೇ ಗಟ್ಟಿ ಆದೀತು. ಅದನ್ನು ತಡೆಯೋದು ಜಿಪ್ಸಮ್. ಆಮೇಲೆ ಒಂದೆರಡು ತಾಸು ಎಲ್ಲ ಶಾಂತ, ಏನೂ ನಡೆಯದ ಹಾಗೆ ಕಾಣ್ತದೆ. ಗೌಂಡಿ ಮಾಲು ಹೊತ್ತು, ಸುರಿದು, ಸಮ ಮಾಡೋದು ಈ ಶಾಂತ ಕಾಲದಲ್ಲೇ. ಆಮೇಲೆ ಕ್ಯಾಲ್ಸಿಯಂ ಸಿಲಿಕೇಟಿನ ಕಣಗಳ ಸುತ್ತ ಒಂದು ಜೆಲ್ ಬೆಳೆಯಲು ಶುರುವಾಗ್ತದೆ. ಅದರ ಎಳೆಗಳು ಒಂದಕ್ಕೊಂದು ಹೆಣೆದುಕೊಂಡು ಉಸುಕು, ಖಡಿ ಎಲ್ಲವನ್ನೂ ಹಿಡಿದು ನಿಲ್ಲಿಸ್ತವೆ. ಈ ಬೆಳವಣಿಗೆ ದಿನಗಟ್ಟಲೆ, ವಾರಗಟ್ಟಲೆ ನಡೀತದೆ. ಅದಕ್ಕೇ ಸಿಮೆಂಟಿನ ಶಕ್ತಿಯನ್ನು 28 ದಿನಕ್ಕೆ ಅಳೀತಾರೆ. ಚೀಲದ ಮೇಲೆ "53 ಗ್ರೇಡ್" ಅಂತ ಬರೆದಿರೋದನ್ನು ಓದಿದ್ದೀರಲ್ಲ? ಆ ಸಿಮೆಂಟಿನಿಂದ ಮಾಡಿದ ಪರೀಕ್ಷೆಯ ತುಂಡು 28 ದಿನದ ನಂತರ ಪ್ರತಿ ಚದರ ಮಿಲಿಮೀಟರಿಗೆ ಕನಿಷ್ಠ 53 ನ್ಯೂಟನ್ ಒತ್ತಡ ತಡೀಬೇಕು ಅಂತ ಅದರ ಅರ್ಥ.

ಆ ಒಂದೆರಡು ತಾಸು ಸಿಮೆಂಟ್ ಯಾಕೆ ಸುಮ್ಮನಿರ್ತದೆ? ಈ ಬಗ್ಗೆ ಸಂಶೋಧಕರಲ್ಲಿ ಇವತ್ತಿಗೂ ಚರ್ಚೆ ಮುಗಿದಿಲ್ಲ. ನೋಡಿ, ಇನ್ನೂರು ವರ್ಷದ ಹಳೆಯ ವಸ್ತು, ಊರೂರಿಗೆ ಚೀಲಗಟ್ಟಲೆ ಬರುವ ವಸ್ತು. ಅದರ ನಡುವಿನ ಕಥೆ ಪೂರ್ತಿ ಓದಿ ಆಗಿಲ್ಲ. "ಎಲ್ಲಾ ಕಂಡುಹಿಡಿದು ಮುಗಿದದ, ನಾವೇನು ಮಾಡೋದು" ಅನ್ನುವ ಹುಡುಗರಿಗೆ ಇದು ನನ್ನ ಮೊದಲ ಉತ್ತರ.

ಸುರ್ಕಿಯಿಂದ ಹೊಸ ಸಿಮೆಂಟಿಗೆ

ನಡುವೆ ಏನಾಗ್ತದೆ ಅಂತ ಕೇಳಿದರೆ ದೊಡ್ಡ ಸಮಸ್ಯೆಯೂ ಕಣ್ಣಿಗೆ ಬೀಳ್ತದೆ. ಸುಣ್ಣದಕಲ್ಲು ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟ್. 100 ಗ್ರಾಂ ಕಾಯಿಸಿದರೆ 56 ಗ್ರಾಂ ಕ್ಯಾಲ್ಸಿಯಂ ಆಕ್ಸೈಡ್, 44 ಗ್ರಾಂ ಕಾರ್ಬನ್ ಡೈಆಕ್ಸೈಡ್. ಪರಮಾಣು ರಾಶಿ ಗೊತ್ತಿದ್ದ ಯಾವ ಹುಡುಗಿಯೂ ಈ ಲೆಕ್ಕ ಎರಡು ನಿಮಿಷದಲ್ಲಿ ಮಾಡ್ತಾಳೆ. ಇದರ ಅರ್ಥ ಏನು? ಭಟ್ಟಿಗೆ ಕಲ್ಲಿದ್ದಲಿನ ಬದಲು ಸೂರ್ಯನ ಶಾಖ ಕೊಟ್ಟರೂ ಸುಣ್ಣದಕಲ್ಲಿನಿಂದ ಈ ಅನಿಲ ಹೊರಗೆ ಬಂದೇ ಬರ್ತದೆ. ಮನುಷ್ಯ ಗಾಳಿಗೆ ಬಿಡುವ ಕಾರ್ಬನ್ ಡೈಆಕ್ಸೈಡಿನಲ್ಲಿ ಸುಮಾರು 7ರಿಂದ 8 ಪ್ರತಿಶತ ಸಿಮೆಂಟಿನದೇ ಪಾಲು.

ಹಾಗಂತ ಮನೆ ಕಟ್ಟೋದು ನಿಲ್ಲಿಸಲು ಆಗೋದಿಲ್ಲ. ಪತ್ರಾಸಿನ ಮನೆಯಲ್ಲಿರುವವರಿಗೆ "ಸಿಮೆಂಟ್ ಬಳಸಬೇಡಿ" ಅಂತ ಹೇಳುವ ಹಕ್ಕು ಯಾರಿಗೂ ಇಲ್ಲ. ಆದ್ದರಿಂದ ಕ್ಲಿಂಕರ್ ಕಡಿಮೆ ಮಾಡಿ ಅಷ್ಟೇ ಗಟ್ಟಿಯಾದ ಸಿಮೆಂಟ್ ಮಾಡಲು ಬರ್ತದೇನು ಅನ್ನುವುದು ಪ್ರಶ್ನೆ. ಸ್ವಿಟ್ಜರ್ಲೆಂಡಿನ ಲೋಸಾನ್ ನಗರದಲ್ಲಿ ಕರೆನ್ ಸ್ಕ್ರಿವೆನರ್ ಅವರ ಗುಂಪು, ಕ್ಯೂಬಾ ದೇಶದ ಸಂಶೋಧಕರು, ನಮ್ಮ ದಿಲ್ಲಿ ಮತ್ತು ಮದ್ರಾಸ್ ಐಐಟಿಗಳ ವಿಜ್ಞಾನಿಗಳು ಕೂಡಿ ಎಲ್‌ಸಿ3 ಎಂಬ ಸಿಮೆಂಟಿನ ಮೇಲೆ ಕೆಲಸ ಮಾಡಿದರು. ಅದರ ಹೆಚ್ಚು ಪರಿಚಿತ ಪಾಕದಲ್ಲಿ ಕ್ಲಿಂಕರ್ 50 ಭಾಗ, ಸುಟ್ಟ ಜೇಡಿಮಣ್ಣು 30, ಸುಡದ ಸುಣ್ಣದಕಲ್ಲಿನ ಪುಡಿ 15, ಜಿಪ್ಸಮ್ 5. ಜೇಡಿಮಣ್ಣನ್ನು 700ರಿಂದ 850 ಡಿಗ್ರಿಗೆ ಕಾಯಿಸಿದರೆ ಸಾಕು, 1450 ಬೇಕಿಲ್ಲ. ಸಾಮಾನ್ಯ ಸಿಮೆಂಟಿಗೆ ಹೋಲಿಸಿದರೆ ಕಾರ್ಬನ್ ಡೈಆಕ್ಸೈಡ್ ಮೂರರಲ್ಲಿ ಒಂದು ಭಾಗದಷ್ಟು ಅಥವಾ ಇನ್ನೂ ತುಸು ಹೆಚ್ಚು ಕಡಿಮೆ ಆಗ್ತದೆ. 2023ರಲ್ಲಿ ಭಾರತೀಯ ಮಾನಕ ಬ್ಯೂರೊ ಈ ಬಗೆಯ ಸಿಮೆಂಟಿಗೆ ಮಾನದಂಡವನ್ನೂ ಪ್ರಕಟಿಸಿತು.

ಸುಟ್ಟ ಮಣ್ಣು ಮತ್ತು ಸುಣ್ಣ ಅಂದ ಕೂಡಲೇ ನಿಮ್ಮ ಅಜ್ಜನಿಗೆ ಏನೋ ನೆನಪಾದೀತು, ಕೇಳಿ ನೋಡಿ. ಇಟ್ಟಿಗೆ ಪುಡಿ ಮತ್ತು ಸುಣ್ಣ ಸೇರಿಸಿ ಅರೆದ ಸುರ್ಕಿ ಗಾರೆ ನಮ್ಮ ಹಳೆಯ ಕಟ್ಟಡಗಳಲ್ಲಿ ಬಳಕೆಯಲ್ಲಿತ್ತು. ಮಂಡ್ಯ ಜಿಲ್ಲೆಯ ಕೃಷ್ಣರಾಜಸಾಗರ ಅಣೆಕಟ್ಟನ್ನು 1911ರಲ್ಲಿ ಕಟ್ಟಲು ಶುರುಮಾಡಿದ್ದು ಇದೇ ಸುರ್ಕಿ ಗಾರೆಯಿಂದ. ಸುಟ್ಟ ಮಣ್ಣಿನ ಸಿಲಿಕಾ ಸುಣ್ಣದ ಜೊತೆ ಕೂಡಿ ಸಿಮೆಂಟಿನಲ್ಲಿ ಬೆಳೆಯುವಂಥದೇ ಜೆಲ್ ಕೊಡ್ತದೆ. ಕಟ್ಟಿದವರಿಗೆ ಇದು ಕೈಯ ಅನುಭವದಿಂದ ಗೊತ್ತಿತ್ತು. ಆದರೆ ಮಣ್ಣನ್ನು ಎಷ್ಟು ಡಿಗ್ರಿಗೆ ಸುಡಬೇಕು, ಯಾವ ಮಣ್ಣು ಆಗ್ತದೆ, ಯಾವುದು ಆಗೋದಿಲ್ಲ ಅಂತ ಹೇಳಲು ನಡುವಿನದು ಗೊತ್ತಿರಬೇಕು. "ಎಲ್ಲಾ ನಮ್ಮ ಹಿರಿಯರಿಗೆ ಗೊತ್ತಿತ್ತು" ಅಂತ ಹೆಮ್ಮೆಪಟ್ಟು ಕೂಡೋದೂ ಬೇಡ, ಹಳೆಯದು ಅಂತ ಬಿಸಾಡೋದೂ ಬೇಡ. ಯಾಕೆ ಹಾಗಾಯ್ತು ಅಂತ ಕೇಳಿದರೆ ಹಳೆಯದರಿಂದಲೂ ಹೊಸದು ಬರ್ತದೆ.

ಎರಡು ಮಿಲಿಮೀಟರಿನ ನೊಣ

ಈಗ ನೊಣಕ್ಕೆ ಬರೋಣ. ಸಿಮೆಂಟಿನ ಉಪಯೋಗ ಯಾರೂ ಕೇಳೋದಿಲ್ಲ. ನೊಣ ಅಂದರೆ ಎಲ್ಲರೂ ಕೇಳ್ತಾರೆ, "ಇದನ್ನು ಓದಿ ಏನು ಮಾಡೋದು?" ಅಂತ.

ಡ್ರೊಸೊಫಿಲಾ ಮೆಲನೊಗಾಸ್ಟರ್ ಎಂಬ ಈ ಹಣ್ಣಿನ ನೊಣ ಎರಡೂವರೆ ಮಿಲಿಮೀಟರ್ ಉದ್ದ. ಕಣ್ಣು ಕೆಂಪು. ವರ್ಣತಂತುಗಳು ಬರೀ 4 ಜೊತೆ. 25 ಡಿಗ್ರಿ ಶಾಖದಲ್ಲಿ ಮೊಟ್ಟೆಯಿಂದ ನೊಣ ಆಗಲು ಸುಮಾರು 10 ದಿನ ಸಾಕು. ಒಂದು ಸತ್ರದಲ್ಲಿ ಹತ್ತು ತಲೆಮಾರು ನೋಡಬಹುದು. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಈ ನೊಣಗಳ ದೊಡ್ಡ ಸಂಗ್ರಹ ಕೇಂದ್ರವೇ ಇದೆ, ಡ್ರೊಸೊಫಿಲಾ ಸ್ಟಾಕ್ ಸೆಂಟರ್ ಅಂತ. ಅಲ್ಲಿ ಅವುಗಳಿಗೆ ಊಟ ಏನು ಗೊತ್ತೇ? ಗೋಧಿ ರವೆ, ಬೆಲ್ಲ, ನೀರು, ಗಟ್ಟಿ ಆಗಲು ಅಗರ್. ಅಗರ್ ಒಂದು ಬಿಟ್ಟರೆ ನಮ್ಮ ಮನೆಯ ಶಿರಾದ ಸಾಮಾನೇ!

1910ರಲ್ಲಿ ಅಮೆರಿಕದ ಥಾಮಸ್ ಹಂಟ್ ಮಾರ್ಗನ್ ಅವರಿಗೆ ಕೆಂಪು ಕಣ್ಣಿನ ನೊಣಗಳ ನಡುವೆ ಬಿಳಿ ಕಣ್ಣಿನ ಒಂದು ಗಂಡು ನೊಣ ಸಿಕ್ಕಿತು. ಅದರ ಮಕ್ಕಳು ಮೊಮ್ಮಕ್ಕಳನ್ನು ಎಣಿಸುತ್ತಾ ಹೋಗಿ, ವಂಶವಾಹಿಗಳು, ಅಂದರೆ ಜೀನ್‌ಗಳು, ವರ್ಣತಂತುಗಳ ಮೇಲೆ ಇರ್ತವೆ ಅಂತ ತೋರಿಸಿದರು. ಇಷ್ಟು ನಿಮ್ಮ ಪುಸ್ತಕದ ಹತ್ತಿರದ ವಿಷಯ. ನನಗೆ ಹೇಳಬೇಕಾದ್ದು ಆಮೇಲಿನದು. ಒಂದೇ ಮೊಟ್ಟೆ. ಅದರಲ್ಲಿ ತಲೆ ಈ ಕಡೆ, ಬಾಲ ಆ ಕಡೆ ಅಂತ ಯಾರು ನಿರ್ಧರಿಸ್ತಾರೆ?

ಕ್ರಿಸ್ಟಿಯಾನೆ ನ್ಯೂಸ್ಲೈನ್ ಫೋಲ್ಹಾರ್ಡ್ ಮತ್ತು ಎರಿಕ್ ವೀಶೌಸ್ ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿ ಕೂತು ಇದನ್ನೇ ಕೇಳಿದರು. ಅವರ ದಾರಿ ಸರಳ, ಆದರೆ ಬೆವರಿನದು. ಜೀನ್ ಕೆಡಿಸುವ ರಾಸಾಯನಿಕವನ್ನು ನೊಣಗಳಿಗೆ ಕೊಟ್ಟು, ಅವುಗಳ ಸಂತತಿಯ ಸಾವಿರಾರು ಭ್ರೂಣಗಳನ್ನು ಸೂಕ್ಷ್ಮದರ್ಶಕದ ಕೆಳಗೆ ಒಂದೊಂದಾಗಿ ನೋಡೋದು. ಯಾವುದಕ್ಕೆ ಏನು ತಪ್ಪಿದೆ ಅಂತ ಬರೆದಿಡೋದು. ಬೈಸಿಕಲ್ಲಿನ ಒಂದೊಂದು ಭಾಗ ತೆಗೆದು, ಯಾವುದು ತೆಗೆದರೆ ಏನು ನಿಲ್ತದೆ ಅಂತ ನೋಡಿದ ಹಾಗೆ. 1980ರಲ್ಲಿ ಅವರು 15 ಜೀನ್‌ಗಳ ಬಗ್ಗೆ ಬರೆದ ಲೇಖನ ಪ್ರಸಿದ್ಧವಾಯ್ತು. ಮುಂದೆ ಬೈಕಾಯ್ಡ್ ಎಂಬ ಜೀನ್‌ನ ಕಥೆ ತಿಳಿಯಿತು. ತಾಯಿ ನೊಣ ಮೊಟ್ಟೆ ಇಡುವ ಮೊದಲೇ ಅದರ ಒಂದು ತುದಿಯಲ್ಲಿ ಈ ಜೀನ್‌ನ ಸಂದೇಶ ಇಟ್ಟಿರ್ತದೆ. ಅದರಿಂದ ತಯಾರಾದ ಪ್ರೋಟೀನ್ ಆ ತುದಿಯಲ್ಲಿ ದಟ್ಟ, ಮುಂದೆ ಹೋದಂತೆ ತೆಳು. ಊದಿನಕಡ್ಡಿಯ ವಾಸನೆ ದೇವರ ಜಗಲಿಯ ಹತ್ತಿರ ಗಾಢ, ಪಡಸಾಲೆಗೆ ಬಂದಾಗ ಕಡಿಮೆ ಆಗುವ ಹಾಗೆ. ದಟ್ಟ ಇದ್ದಲ್ಲಿ ತಲೆ, ತೆಳು ಆದಲ್ಲಿ ಎದೆಯ ಭಾಗ. ತಾಯಿಯಲ್ಲಿ ಆ ಜೀನ್ ಕೆಟ್ಟಿದ್ದರೆ ಭ್ರೂಣಕ್ಕೆ ತಲೆಯೇ ಇಲ್ಲ.

ಇವರಿಬ್ಬರಿಗೂ ಎಡ್ವರ್ಡ್ ಲೂಯಿಸ್ ಅವರಿಗೂ 1995ರಲ್ಲಿ ನೊಬೆಲ್ ಬಂತು. ಲೂಯಿಸ್ ಮಾಡಿದ್ದು ಇನ್ನೂ ವಿಚಿತ್ರ. ನೊಣಕ್ಕೆ ಇರೋದು ಒಂದೇ ಜೊತೆ ರೆಕ್ಕೆ. ಎರಡನೇ ಜೊತೆಯ ಜಾಗದಲ್ಲಿ ಗುಂಡುಸೂಜಿಯಂಥ ಎರಡು ಸಣ್ಣ ಅಂಗ, ಹಾರುವಾಗ ತೋಲ ಕಾಯಲಿಕ್ಕೆ. ಅವಕ್ಕೆ ಹಾಲ್ಟಿಯರ್ ಅಂತಾರೆ. ಅಲ್ಟ್ರಾಬೈಥೊರ್ಯಾಕ್ಸ್ ಎಂಬ ಜೀನ್ ಅಲ್ಲಿ ಕೆಲಸ ಮಾಡದ ಹಾಗೆ ಮಾಡಿದಾಗ ಹಾಲ್ಟಿಯರ್ ಬದಲು ಪೂರ್ತಿ ರೆಕ್ಕೆ ಬಂದು ನಾಲ್ಕು ರೆಕ್ಕೆಯ ನೊಣ ಹುಟ್ಟಿತು. ಆ ಜೀನ್ ರೆಕ್ಕೆಯಾಗಬೇಕಾದ್ದನ್ನು ಹಾಲ್ಟಿಯರ್ ಆಗಿ ಹ್ಯಾಂಗೆ ಬದಲಿಸ್ತದೆ? ಈ ಪ್ರಶ್ನೆಯ ಮೇಲೆ ವರ್ಷಾನುಗಟ್ಟಲೆ ಕೆಲಸ ಮಾಡಿದವರಲ್ಲಿ ಎಲ್. ಎಸ್. ಶಶಿಧರ ಒಬ್ಬರು. ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ಓದಿ, ಕೇಂಬ್ರಿಜ್‌ಗೆ ಹೋಗಿ, ಹೈದರಾಬಾದಿನ ಸಿಸಿಎಂಬಿಯಲ್ಲೂ ಪುಣೆಯ ಐಸರ್‌ನಲ್ಲೂ ಇದನ್ನೇ ಬೆನ್ನುಹತ್ತಿದರು. ಬೆಂಗಳೂರಿನ ಎನ್‌ಸಿಬಿಎಸ್ ಕಟ್ಟಿದ ಒಬೈದ್ ಸಿದ್ದಿಕಿ, ಅಲ್ಲಿ ಕೆಲಸ ಮಾಡಿದ ವೆರೋನಿಕಾ ರೊಡ್ರಿಗ್ಸ್, ಕೆ. ವಿಜಯರಾಘವನ್, ಇವರೆಲ್ಲ ಈ ನೊಣದ ವಾಸನೆ, ರುಚಿ, ನರ, ಸ್ನಾಯುಗಳನ್ನು ಓದಿದವರೇ. ಧಾರವಾಡ, ಪುಣೆ, ಮೈಸೂರು, ಬೆಂಗಳೂರು. ಇವು ಮಿರಜ ಜಂಕ್ಷನ್ನಿನಿಂದ ರೈಲು ಹತ್ತಿ ಹೋಗುವ ಊರುಗಳು, ಚಂದ್ರಲೋಕವಲ್ಲ.

ಉಪಯೋಗ ಕೇಳಿದಿರಲ್ಲ? ನೊಣದ ಭ್ರೂಣದಲ್ಲಿ ಬೆನ್ನು ಯಾವುದು, ಹೊಟ್ಟೆ ಯಾವುದು ಅಂತ ತೀರ್ಮಾನಿಸುವ ಟೋಲ್ ಎಂಬ ಜೀನ್ ಸಿಕ್ಕಿತ್ತು. ಅದೇ ಜೀನ್ ಬೂಷ್ಟಿನ ಸೋಂಕಿನಿಂದ ದೊಡ್ಡ ನೊಣವನ್ನು ಕಾಪಾಡ್ತದೆ ಅಂತ 1996ರಲ್ಲಿ ಫ್ರಾನ್ಸಿನ ಜೂಲ್ಸ್ ಹಾಫ್‌ಮನ್ ಅವರ ಗುಂಪು ತೋರಿಸಿತು. ಆಮೇಲೆ ಅಂಥವೇ ಜೀನ್‌ಗಳು ನಮ್ಮ ದೇಹದ ರೋಗನಿರೋಧಕ ವ್ಯವಸ್ಥೆಯಲ್ಲೂ ಮುಖ್ಯ ಅಂತ ಗೊತ್ತಾಯ್ತು. ಹಾಫ್‌ಮನ್ 2011ರ ನೊಬೆಲ್ ಪಡೆದವರಲ್ಲಿ ಒಬ್ಬರು. ಬೆನ್ನು ಹೊಟ್ಟೆ ಹುಡುಕಲು ಹೊರಟವರು ಕಾಯಿಲೆಯ ಬಾಗಿಲಿಗೆ ಬಂದು ನಿಂತರು. ಉಪಯೋಗವನ್ನೇ ಮೊದಲು ಕೇಳಿದ್ದರೆ ಆ ದಾರಿಯಲ್ಲಿ ಅವರು ಹೊರಡುತ್ತಲೇ ಇರಲಿಲ್ಲ.

ಕನ್ನಡದಾಗ ಆಗೂದಿಲ್ಲ ಅನ್ನುವವರಿಗೆ

ಈಗ ನಮ್ಮ ಗಡಿ ಭಾಗದ ಮಾತಿಗೆ ಬರ್ತೀನಿ. ಹತ್ತನೇ ಮುಗಿದ ಮೇಲೆ ನಮ್ಮ ಬಹಳ ಮಕ್ಕಳ ಮುಂದೆ ಎರಡು ಬಾಗಿಲು, ಮರಾಠಿ ಅಥವಾ ಇಂಗ್ಲಿಷ್. ಅವರಿಗೆ ಕನ್ನಡದ ಬಾಗಿಲು ಅಲ್ಲಿಗೆ ಮುಗೀತದೆ. ಹೀಗಾಗಿ ವಿಜ್ಞಾನದಲ್ಲಿ ಆಸಕ್ತಿ ಇರುವ ಮಕ್ಕಳೂ "ಇಂಗ್ಲಿಷ್ ಬರೂದಿಲ್ರಿ, ಆರ್ಟ್ಸ್ ತಗೋತೀನ್ರಿ" ಅಂತಾರೆ. ಕಲೆ ಕಡಿಮೆ ಅಂತ ನಾನು ಹೇಳ್ತಾ ಇಲ್ಲ. ಬೇಕು ಅಂತ ಆರಿಸಿದರೆ ಸಂತೋಷ. ಹೆದರಿ ಆರಿಸಬಾರದು ಅಷ್ಟೇ.

ನೊಣದ ಜೀನ್‌ಗಳ ಹೆಸರು ನೋಡಿ. ಒಂದರ ಹೆಸರು ಕ್ರುಪ್ಪೆಲ್, ಅದು ಜರ್ಮನ್. ಇನ್ನೊಂದು ಫುಶಿ ತರಾಜು, ಅದು ಜಪಾನಿ ಮಾತು, "ಖಂಡಗಳು ಸಾಲವು" ಅಂತ ಅರ್ಥ. ಆ ಜೀನ್ ಕೆಟ್ಟರೆ ಮೈಯ ಖಂಡಗಳು ಕಡಿಮೆ ಆಗ್ತವೆ, ಅದಕ್ಕೆ ಆ ಹೆಸರು. ಇಂಗ್ಲಿಷ್ ಮಾಧ್ಯಮದ ಹುಡುಗನಿಗೂ ಈ ಹೆಸರುಗಳು ಹೊಸವೇ. ಅವನೂ ನಿಮ್ಮ ಹಾಗೆ ಮೊದಲ ಸಲ ತಡವರಿಸಿಯೇ ಓದ್ತಾನೆ. ಹೆಸರು ಯಾವ ಭಾಷೆಯದಾದರೂ ಆಮೇಲೆ ಕಲೀಬಹುದು, ವರ್ಷ ಎರಡು ವರ್ಷದ ಕಷ್ಟ. ಆದರೆ "ನಡುವೆ ಏನಾಗ್ತದೆ" ಅಂತ ಕೇಳುವ ರೂಢಿ ತಾಯಿನುಡಿಯಲ್ಲೇ ಗಟ್ಟಿ ಆಗಬೇಕು. ಅದು ಇಲ್ಲದೆ ಇಂಗ್ಲಿಷ್ ಒಂದೇ ಕಲಿತವನು ಇಂಗ್ಲಿಷಿನಲ್ಲಿ ಬಾಯಿಪಾಠ ಮಾಡ್ತಾನೆ, ಅಷ್ಟೇ ವ್ಯತ್ಯಾಸ. ಎಲ್ಲರೂ ವಿಜ್ಞಾನಿಗಳಾಗಲಿಕ್ಕಿಲ್ಲ, ಆಗಬೇಕಂತಲೂ ಇಲ್ಲ. ಗೌಂಡಿಯಾಗುವವನಿಗೆ, ದ್ರಾಕ್ಷಿ ತೋಟ ನೋಡುವವಳಿಗೆ ಈ ಪ್ರಶ್ನೆ ಅಷ್ಟೇ ಬೇಕು. ಮಾಲಿಗೆ ಎರಡು ಬಕೀಟು ನೀರು ಹೆಚ್ಚು ಹಾಕಿದರೆ ಕೆಲಸ ಹಗುರ, ಆದರೆ ಹೆಚ್ಚಾದ ನೀರು ಆರಿದ ಜಾಗದಲ್ಲಿ ರಂಧ್ರ ಉಳಿದು ಸ್ಲ್ಯಾಬ್ ದುರ್ಬಲ ಅಂತ ತಿಳಿದ ಗೌಂಡಿ, ತಿಳಿಯದವನಿಗಿಂತ ಒಳ್ಳೆಯ ಮನೆ ಕಟ್ತಾನೆ.

ಎರಡು ಪ್ರಯೋಗ, ಒಂದು ವಹಿ

ನಮ್ಮ ವಿಜ್ಞಾನ ಪ್ರದರ್ಶನಗಳ ಬಗ್ಗೆಯೂ ಒಂದು ಮಾತು. ವರ್ಷ ವರ್ಷ ಅದೇ ಥರ್ಮಾಕೋಲಿನ ಜ್ವಾಲಾಮುಖಿ, ಅದೇ ಬಣ್ಣದ ಕಾಗದದ ಸೌರಮಂಡಲ. ಪೇಟೆಯಿಂದ ತಂದು ಅಂಟಿಸಿದ ಮಾದರಿಗೆ ಬಹುಮಾನ ಕೊಡೋದು ನಿಲ್ಲಬೇಕು, ಇದು ನನ್ನ ಅಭಿಪ್ರಾಯ. ಅದರ ಬದಲು ಖರ್ಚಿಲ್ಲದ ಈ ಎರಡನ್ನು ಮಾಡಿ.

ಒಂದು. ಒಂದು ಭಾಗ ಸಿಮೆಂಟ್, ಮೂರು ಭಾಗ ಉಸುಕು, ಅಳೆದ ನೀರು. ಒಂದೇ ಅಳತೆಯ ಆರು ಸಣ್ಣ ಪಟ್ಟಿಗಳನ್ನು ಎರಕ ಹೊಯ್ಯಿರಿ. ಮರುದಿನ ತೆಗೆದು ಮೂರನ್ನು ನೀರಿನಲ್ಲಿ ಮುಳುಗಿಸಿ, ಮೂರನ್ನು ಬಿಸಿಲಿಗೆ ಇಡಿ. ಏಳು ದಿನದ ನಂತರ ಎರಡು ಇಟ್ಟಿಗೆಗಳ ನಡುವೆ ಸೇತುವೆಯ ಹಾಗೆ ಇಟ್ಟು, ನಡುವೆ ಬಕೀಟು ತೂಗುಹಾಕಿ, ಮುರಿಯುವ ತನಕ ಉಸುಕು ಸುರಿಯಿರಿ. ಎಷ್ಟು ಕಿಲೋಗೆ ಮುರಿಯಿತು ಬರೆಯಿರಿ. ಹಸಿ ಸಿಮೆಂಟ್ ಚರ್ಮ ಸುಡ್ತದೆ, ಕೈಗೆ ರಬ್ಬರ್ ಗವಸು ಬೇಕೇ ಬೇಕು. ಪುಡಿ ಮೂಗಿಗೆ ಹೋಗದ ಹಾಗೆ ಬಟ್ಟೆ ಕಟ್ಟಿಕೊಳ್ಳಿ.

ಎರಡು. ದೀಪಾವಳಿ ಮುಗಿದು ಬಿಸಿಲು ತಗ್ಗಿದ ಮೇಲೆ, ಎರಡು ಗಾಜಿನ ಬಾಟಲಿಯಲ್ಲಿ ಕಳಿತ ಬಾಳೆಹಣ್ಣಿನ ತುಂಡು ಹಾಕಿ ಬಾಯಿ ತೆರೆದಿಡಿ. ಆರೇಳು ನೊಣ ಬಂದ ಮೇಲೆ ತೆಳು ಬಟ್ಟೆ ಕಟ್ಟಿ. ಎರಡು ದಿನ ಕಳೆದು ದೊಡ್ಡ ನೊಣಗಳನ್ನು ಹೊರಗೆ ಬಿಡಿ. ಒಂದು ಬಾಟಲಿ ಅಡುಗೆಮನೆಯ ಬೆಚ್ಚಗಿನ ಮೂಲೆಯಲ್ಲಿ, ಒಂದು ನೀರಿನ ಮಡಕೆಯ ಪಕ್ಕ ತಂಪಿನಲ್ಲಿ. ಹುಳ ಕಂಡದ್ದು ಯಾವ ದಿನ, ಗಾಜಿಗೆ ಹತ್ತಿ ಕೋಶ ಆದದ್ದು ಯಾವ ದಿನ, ಹೊಸ ನೊಣ ಹೊರಬಿದ್ದದ್ದು ಯಾವ ದಿನ, ಎರಡೂ ಬಾಟಲಿಯದು ಬೇರೆ ಬೇರೆ ಬರೆಯಿರಿ.

ಒಂದೇ ವಹಿಯ ಎಡ ಪುಟದಲ್ಲಿ ಸಿಮೆಂಟ್, ಬಲ ಪುಟದಲ್ಲಿ ನೊಣ. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಉಳಿದದ್ದೆಲ್ಲ ಸಮ ಇರಲಿ. ಬಂದ ಅಂಕಿಯನ್ನೇ ಬರೆಯಿರಿ, ಬರಬೇಕು ಅನಿಸಿದ್ದನ್ನು ಅಲ್ಲ. ನೀರಿನ ಪಟ್ಟಿಗಿಂತ ಬಿಸಿಲಿನ ಪಟ್ಟಿಯೇ ಗಟ್ಟಿ ಆಗಿ ಬಂದರೆ ಹಾಗೇ ಬರೆದು, ಯಾಕಿರಬಹುದು ಅಂತ ಗುರುಗಳ ಜೊತೆ ಜಗಳ ಮಾಡಿ. ಶಿಕ್ಷಕ ಬಂಧುಗಳಲ್ಲಿ ನನ್ನ ವಿನಂತಿ ಇಷ್ಟೇ: ಅಂಥ ಜಗಳಕ್ಕೆ ವಾರಕ್ಕೆ ಒಂದು ತಾಸು ಬಿಟ್ಟುಕೊಡಿ. ಪಠ್ಯ ಮುಗಿಸುವ ಅವಸರ ನನಗೂ ಗೊತ್ತು. ಆದರೆ ಬಾಣದ ಎರಡು ತುದಿ ಕಲಿಸಲು ಗೈಡ್ ಪುಸ್ತಕವೂ ಸಾಕು. ನಡುವಿನದಕ್ಕೆ ಮಾತ್ರ ಮಾಸ್ತರು ಬೇಕು.